ಮೊದಲ ಸಾಲೋ, ಏಳನೇ ಸಾಲೋ

ಗುಂಪು: ಮನಿ ಮಂದಿ, ವಿಜಯಪುರ

ಅಣ್ಣ: (ಫಾರ್ವರ್ಡ್ ಆದ ವಿಡಿಯೊ, 38 ಸೆಕೆಂಡ್. ಮ್ಯಾಲ ಬರದದ್ದು: "ಮಾತಾಡುವ ಗೊಂಬೆಯ ಮೋಸ ಬಯಲು! ಕೆಂಪು ಗೆರೆಯೊಳಗೆ ತುಟಿ ನೋಡಿ. ಎಲ್ಲ ಗುಂಪಿಗೂ ಕಳಿಸಿ.")

ಅಣ್ಣ: ರಜಾದಾಗ ಪುಣೆಕ್ಕ ಹೋದಾಗ ಇಂಥಾದ್ದೇ ಒಂದು ಮಾತಾಡೋ ಗೊಂಬಿ ಶೋಕ್ಕ (ವೆಂಟ್ರಿಲೊಕ್ವಿಸಂ ಅಂತಾರಲ್ಲ, ಕಲಾವಿದ ತುಟಿ ಆಡಿಸದಂಗ ಮಾತಾಡಿ ಗೊಂಬೀನ ಮಾತಾಡಿದಂಗ ತೋರಸೋದು) 11 ಟಿಕೆಟ್ ತಗೋಬೇಕಂತ ನಿನ್ನೆ ಮಾತಾತು. ರೊಕ್ಕ ಹಾಕೋ ಮೊದಲ 17ನೇ ಸೆಕೆಂಡಿಗೆ ನಿಲ್ಲಿಸಿ ಎಲ್ಲಾರೂ ನೋಡ್ರಿ. ಗೊಂಬಿ ಮಾತಾಡುವಾಗ ಆ ಕಲಾವಿದನ ಕೆಳಗಿನ ತುಟಿ ಅಲ್ಲಾಡೇತಿ. ತುಟಿ ಅಲ್ಲಾಡಿಸಿ ಮಾತಾಡೂದು ಎಲ್ಲಾರಿಗೂ ಬರತೈತಿ.

ಅಕ್ಕ: ಆ ವಿಡಿಯೊ ಮೊದಲ ಅಳಿಸು. ಮಕ್ಕಳು ನಮ್ಮ ಫೋನ್ ತಗದು ಇದೇ ಗುಂಪು ನೋಡ್ತಾವ. ಒಮ್ಮೆ ಕೆಂಪು ಗೆರಿ ಒಳಗ ತುಟಿ ನೋಡಿದ ಹುಡುಗ ಶೋದಾಗ ಒಂದೂವರೆ ತಾಸು ತುಟೀನೇ ನೋಡ್ಕೋಂತ ಕುಂದರತಾನ.

ಚಿಗವ್ವ: ಅಳಿಸೋದು ಆಮ್ಯಾಲ. 17ನೇ ಸೆಕೆಂಡಿಗೆ ಗೊಂಬಿ ಯಾವ ಶಬ್ದ ಅಂತೈತಿ ಅದನ್ನ ಮೊದಲ ಕೇಳ್ರಿ. "ಮುಂಬೈ" ಅಂತೈತಿ. ಮ, ಅದಕ್ಕ ತುಟಿ ದುಂಡಗ ಮಾಡೋ ಉ, ಹಿಂದ ಮತ್ತ ಂಬ. ಒಂದೇ ಶಬ್ದದಾಗ ಮೂರು ಸಲ ತುಟಿ ಬೇಕು. ವಿಡಿಯೊ ಮಾಡಿದವರು ಇಡೀ ಶೋದಾಗ ಹುಡುಕಿ ಎಲ್ಲಕ್ಕಿಂತ ಕಠಿಣ ಶಬ್ದ ಆರಿಸ್ಯಾರ, ಅದನ್ನ ನಿಧಾನ ಮಾಡಿ ತೋರಿಸ್ಯಾರ.

ಅಣ್ಣ: ಕಠಿಣ ಶಬ್ದ ಇದ್ದಲ್ಲೇ ಅಲ್ಲೇನ್ರಿ ಕಲಾವಿದನ ಪರೀಕ್ಷಾ ಆಗೋದು?

ಚಿಗವ್ವ: ಹೌದು, ಆದ್ರ ಪರೀಕ್ಷಾ ಏನಂತ ತಿಳಕೊಂಡು ನಂಬರ್ ಹಾಕಬೇಕು. ವರ್ಣಮಾಲಿ ತಗೋರಿ. ಪ, ಫ, ಬ, ಭ, ಮ ಈ ಐದಕ್ಕ ಎರಡೂ ತುಟಿ ಕೂಡಬೇಕು. ವ-ಕ್ಕ ಕೆಳತುಟಿ ಮ್ಯಾಲಿನ ಹಲ್ಲಿಗೆ ಹತ್ತಬೇಕು. ಕ-ದಿಂದ ನ-ತನಕ ಇರೋ 20 ವರ್ಗೀಯ ವ್ಯಂಜನಕ್ಕ, ಯ ರ ಲ ಶ ಷ ಸ ಹ ಳ ಇವಕ್ಕ, ತುಟಿಯ ಕೆಲಸನೇ ಇಲ್ಲ. ನಾಲಿಗಿ, ಅಂಗುಳ, ಗಂಟಲ ಸಾಕು. ಸ್ವರದಾಗ ಉ, ಊ, ಒ, ಓ, ಔ ಸ್ವಲ್ಪ ತೊಂದರಿ ಕೊಡತಾವ.

ಚಿಗವ್ವ: ಕಲಾವಿದ ಹಲ್ಲಿನ ನಡುವ ಸಣ್ಣ ಸಂದು ಬಿಟ್ಟು, ತುಟಿ ಅರ್ಧ ನಗಿ ಇದ್ದಂಗ ಸಡ್ಲ ಇಡತಾನ. ಬ ಬಂದಲ್ಲಿ ನಾಲಿಗಿ ತುದಿ ಮ್ಯಾಲಿನ ಹಲ್ಲಿನ ಹಿಂದ ಅಗಲಾಗಿ ಒತ್ತಿ, ದ ಹುಟ್ಟೋ ಜಾಗದಿಂದ ಮೆತ್ತಗ ಬಿಡತಾನ. ಪ ಇದ್ದಲ್ಲಿ ತ. ಮ ಇದ್ದಲ್ಲಿ ನ, ಅದನ್ನ ಮೂಗಿನಾಗ ಒಂದೀಟು ಎಳದು. "ಬಾಳೆಹಣ್ಣು" ಅಂದ್ರ ಹೊರಗ ಬರೋದು "ದಾಳೆಹಣ್ಣು" ಹತ್ರದ ದನಿ. ಆದ್ರ ಗೊಂಬಿ ಕೈಯಾಗ ಬಾಳೆಹಣ್ಣು ಇತ್ತಂದ್ರ ಯಾರ ಕಿವಿಗೂ ದ ಕೇಳಂಗಿಲ್ಲ. ಮಾತಿನ ಸಂದರ್ಭ ನೋಡಿ ನಮ್ಮ ಬುದ್ಧಿ ಅಕ್ಷರ ತಿದ್ದಕೋತೈತಿ. ಒತ್ತಕ್ಷರ ಬಂದ್ರ ಮಾತ್ರ ಭಾಳ ಬಿಗಿ. "ಅಪ್ಪ", "ಅಮ್ಮ" ಅನ್ನುವಾಗ ತುಟಿ ಕೂಡೇ ಇರೋ ಹೊತ್ತು ಉದ್ದ, ಆ ಉದ್ದ ನಾಲಿಗಿಯಿಂದ ತುಂಬೋದು ಕಷ್ಟ. ಅದಕ್ಕ ಕನ್ನಡದಾಗ ಬರಕೊಳ್ಳೋವ್ರು ಗೊಂಬಿ ಬಾಯಾಗ "ತಂದಿ, ತಾಯಿ" ಇಟ್ಟರ ಆರಾಮ, ಒಂದೂ ತುಟಿ ಅಕ್ಷರ ಇಲ್ಲ. "ಗೊಂಬಿ" ಅನ್ನೋ ಶಬ್ದಾನ ಗೊಂಬಿಗೆ ಕಠಿಣ, ನೋಡ್ರಿ. ನಮ್ಮ ಕನ್ನಡದ ಮಾತಾಡೋ ಗೊಂಬಿ ಕಲಾವಿದೆ ಇಂದುಶ್ರೀ ಅವರ ಗೊಂಬಿ ಹೆಸರು ಡಿಂಕು. ಹೇಳಿ ನೋಡ್ರಿ, ಕೊನೀ ಉ ಬಿಟ್ರ ತುಟಿ ಎಲ್ಲೂ ಬೇಕಾಗಂಗಿಲ್ಲ.

ತಂಗಿ: ಕನ್ನಡಿ ಮುಂದ ನಿಂತು "ಡಿಂಕು" ಅಂದೆ, ತುಟಿ ಅಲ್ಲಾಡ್ಲಿಲ್ಲ! ಟಿಕೆಟ್ ಸಂಜೀಕ ಬುಕ್ ಮಾಡಬೇಕು, ಸಾಲು ಯಾವುದು ಹೇಳ್ರಿ. ಮೊದಲ ಸಾಲಿನಾಗ ಎಡಕ್ಕ 11 ಕುರ್ಚಿ ಒಟ್ಟಿಗೆ ಖಾಲಿ ಅದಾವ.

ಮಾಮಾ: ಮೊದಲ ಸಾಲಿನ ಎಡಮೂಲಿ ಬ್ಯಾಡೇ ಬ್ಯಾಡ. ಈ ಕಲೀಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ, ರೇಟ್ ಮಾತ್ರ ಎಲ್ಲಕ್ಕಿಂತ ಹೆಚ್ಚು.

ಮಾಮಾ: ಕಾರಣ ಹೇಳತೀನಿ. ಕಲಾವಿದ ದನಿ "ಎಸೀತಾನ" ಅಂತ ಮಂದಿ ಅಂತಾರ. ದನಿ ಎಲ್ಲೂ ಹೋಗಂಗಿಲ್ಲ. ಗೋಳಗುಮ್ಮಟದ ಪಿಸುಗುಟ್ಟೋ ಗ್ಯಾಲರಿಯೊಳಗ ಈ ಕಡಿ ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚಿ ಕಡಿ ಕೇಳತೈತಿ, ಅಲ್ಲಿ ದನಿ ಖರೇನ ಗೋಡಿ ಹಿಡದು ಹೋಗತೈತಿ. ಗೊಂಬಿ ಶೋದಾಗ ದನಿ ಕಲಾವಿದನ ಬಾಯಿಂದ ಮೈಕಿಗೆ, ಮೈಕಿಂದ ಸ್ಪೀಕರಿಗೆ. ಗೊಂಬಿ ದವಡಿ ಆಡಿದ್ದು ಕಣ್ಣು ನೋಡತೈತಿ, ಕಿವಿ ಕಣ್ಣಿನ ಹಿಂದ ಹೋಗತೈತಿ. ಸಿನಿಮಾ ಟಾಕೀಜಿನಾಗ ದನಿ ಸ್ಪೀಕರಿಂದ ಬಂದ್ರೂ ಹೀರೋನ ಬಾಯಿಂದ ಬಂದಂಗ ಅನಸತೈತಲ್ಲ, ಅದೇ ಲೆಕ್ಕ. ಆದ್ರ ದನಿ ಬರೋ ದಿಕ್ಕು ಮತ್ತ ಗೊಂಬಿ ಇರೋ ದಿಕ್ಕು ನಡುವ ಕೋನ ಹೆಚ್ಚಾದಂಗ ಆ ಬೆಸುಗಿ ಬಿಡತೈತಿ. ಎಡಮೂಲ್ಯಾಗ ಕುಂತ್ರ ಸ್ಪೀಕರ್ ನಿಮ್ಮ ತಲಿ ಮ್ಯಾಲ, ಗೊಂಬಿ ಬಲಕ್ಕ ದೂರ. ಕಿವಿ ಒಂದ ಕಡಿ, ಕಣ್ಣು ಒಂದ ಕಡಿ.

ಅಣ್ಣ: ಹಂಗಾರ ಮೊದಲ ಸಾಲಿನ ನಟ್ಟನಡುವ ತಗೋಳ್ರಿ. ಕಲಾ ನೋಡಾಕ ಹೋಗೋದು, ಕೈಕೆಲಸ ಕಾಣೋವಷ್ಟು ಹತ್ರ ಇರಬೇಕು. ಹಿಂದ ಕುಂತು ಎಲ್ಇಡಿ ಪರದಿ ನೋಡೋದಾದ್ರ ಮನ್ಯಾಗ ಟಿವಿ ಸಾಕು.

ಮಾಮಾ: ಪರದಿ ಬಗ್ಗೆ ನೀ ಹೇಳಿದ್ದು ಖರೆ. ಕ್ಯಾಮೆರಾದಿಂದ ಪರದಿಗೆ ಬರೋದ್ರಾಗ ಚಿತ್ರ ಎರಡು-ಮೂರು ಫ್ರೇಮ್ ತಡ ಆಗೋದು ಸಾಮಾನ್ಯ. 25 ಫ್ರೇಮಿನ ಲೆಕ್ಕದಾಗ ಒಂದು ಫ್ರೇಮ್ 40 ಮಿಲಿಸೆಕೆಂಡ್, ಅಂದ್ರ 80ರಿಂದ 120. ಹಾಡು-ಕುಣಿತಕ್ಕ ಅದು ನಡೀತೈತಿ. ಗೊಂಬಿಗೆ ನಡೆಯಂಗಿಲ್ಲ, ದನಿ ಬಂದ ಮ್ಯಾಲ ಬಾಯಿ ತಗದಂಗ ಕಾಣತೈತಿ. ನೀ ಕಳಿಸಿದ ವಿಡಿಯೊದಾಗೂ ಅದೇ ಆಗೇತಿ. ದನಿ, ಚಿತ್ರ ಬ್ಯಾರೆ ಬ್ಯಾರೆ ಸರದಾವ. ಅದನ್ನ ಇಟಗೊಂಡು ಕಲಾವಿದನ ಅಳೀಬಾರದು.

ಮಾಮಾ: ದೂರದ ಲೆಕ್ಕ ತಗೋ. ವೇದಿಕಿಯಿಂದ ಮೊದಲ ಸಾಲಿಗೆ 3 ಮೀಟರ್, ಸಾಲು-ಸಾಲಿನ ನಡುವ ಸುಮಾರು 90 ಸೆಂ.ಮೀ. ಅಂದ್ರ ಏಳನೇ ಸಾಲು 8-9 ಮೀಟರಿನಾಗ. ಕಟ್ಟಿಗಿ ಗೊಂಬಿ ಮೂರು, ಮೂರೂವರೆ ಫೂಟ್, ದವಡಿ ತಗದ್ರ ಒಂದು ಇಂಚು. 9 ಮೀಟರಿನಿಂದ ಅದು ಸ್ವಚ್ಛ ಕಾಣತೈತಿ, ಗೊಂಬಿ ಕಣ್ಣಿನ ಪಾಪಿ ಸರದದ್ದೂ ಕಾಣತೈತಿ. 25 ಮೀಟರಿಗೆ ಹೋದ್ರ ಪಾಪಿ ಒಂದು ಸೆಂ.ಮೀ. ಸರದದ್ದು ಕಣ್ಣಿಗೆ ಸಿಗೂದು ಕಠಿಣ. 3 ಮೀಟರಿನಾಗ ಕುಂತ್ರ ಗಂಟಲದ ಮಣಿ ಏರಿಳಿಯೋದೂ ಕಾಣತೈತಿ. ಐದರಿಂದ ಒಂಬತ್ತನೇ ಸಾಲಿನ ನಡುಭಾಗ, ಇಷ್ಟ ನನ್ನ ಮಾತು.

ಅಕ್ಕ: ಮೊದಲ ಸಾಲಿಗೆ ಇನ್ನೊಂದು ಐತಿ. ಗೊಂಬಿ ಮಾತಾಡಿಸೋದು ಅದೇ ಸಾಲಿನವರನ್ನ. ಭಾಳ ಶೋದಾಗ ಪ್ರೇಕ್ಷಕರೊಬ್ಬರನ್ನ ವೇದಿಕಿಗೆ ಕರದು ಅರ್ಧ ಮುಖವಾಡ ಹಾಕ್ತಾರ, ಅದರ ದವಡಿ ಕಲಾವಿದನ ಕೈಯಾಗಿನ ದಾರಕ್ಕೋ ಗಾಳಿ ಬುಗ್ಗಿಗೋ ಆಡತೈತಿ, ಮಾತು ಕಲಾವಿದಂದು. ನಾಚಿಕಿ ಇದ್ದವರು ಅಲ್ಲಿ ಕುಂದರಬಾರದು. ಕರದಾಗ ಒಲ್ಲೆ ಅಂತ ಕೈ ಮುಗದ್ರ ಸಾಕು, ಯಾರೂ ಜುಲುಮಿ ಮಾಡಂಗಿಲ್ಲ.

ಅಣ್ಣ: ಅಕ್ಕ, ಮೊದಲ ಸಾಲಿನ ಮಾತು ನಾ ಒಪ್ಪತೀನಿ. ಆದ್ರ ರೆಕಾರ್ಡ್ ಹಚ್ಚಿದ್ರ ಹೆಂಗ ಗೊತ್ತಾಗಬೇಕು? ರೊಕ್ಕ ಕೊಟ್ಟು ಟೇಪ್ ಕೇಳಾಕ ಹೋಗಬೇಕೇನು?

ಚಿಗವ್ವ: ಇದು ಕೇಳಬೇಕಾದ ಪ್ರಶ್ನಿ. ಒಂದು ಗಂಟಲದಿಂದ ಎರಡು ದನಿ ಒಂದೇ ಗಳಿಗ್ಯಾಗ ಬರಂಗಿಲ್ಲ. ಕಲಾವಿದ, ಗೊಂಬಿ ಇಬ್ಬರೂ ಖರೇನ ಏಕಕಾಲಕ್ಕ ಮಾತಾಡಿದ್ರ ಅಥವಾ ಜೋಡಿ ಹಾಡಿದ್ರ, ಒಂದು ದನಿ ಟ್ರ್ಯಾಕ್ ಅಥವಾ ಪರದೆ ಹಿಂದಿನ ಮನಶ್ಯಾಂದು. ನುರಿತವರು ಒಬ್ಬರ ಮಾತು ಒಬ್ಬರು ಕತ್ತರಿಸಿದಂಗ ಎಷ್ಟು ಬಿರುಸು ಮಾಡತಾರಂದ್ರ ಎರಡೂ ಕೂಡೇ ಬಂದಂಗ ಅನಸತೈತಿ, ಆದ್ರ ಲಕ್ಷ್ಯ ಕೊಟ್ಟು ಕೇಳಿದ್ರ ನಡುವ ಸಂದು ಇರತೈತಿ. ಇನ್ನೊಂದು, ಗೊಂಬಿ ಆಗಷ್ಟ ಕೇಳಿಸಿಕೊಂಡ ನಿಮ್ಮ ಹೆಸರು, ಊರು ಹೇಳಿದ್ರ ಅದು ಟೇಪ್ ಅಲ್ಲ. ಇನ್ನ ತುಟಿ ಬಗ್ಗೆ. ಅಮೆರಿಕದ ಗೊಂಬಿ ಕಲಾವಿದ ಎಡ್ಗರ್ ಬರ್ಗನ್ 1937ರಿಂದ ರೇಡಿಯೊದಾಗ ತಮ್ಮ ಗೊಂಬಿ ಚಾರ್ಲಿ ಮೆಕಾರ್ಥಿ ಕೂಡ ಕಾರ್ಯಕ್ರಮ ನಡಿಸಿದ್ರು. ರೇಡಿಯೊ! ತುಟೀನೂ ಕಾಣಂಗಿಲ್ಲ, ಗೊಂಬೀನೂ ಕಾಣಂಗಿಲ್ಲ. ಬರ್ಗನ್‌ರ ತುಟಿ ಅಲ್ಲಾಡತಿದ್ವು, ಅದನ್ನ ಚಾರ್ಲಿನೇ ಎತ್ತಿ ಆಡತಿದ್ದ. ಆದ್ರೂ ದೇಶಕ್ಕ ದೇಶ ಕೇಳತಿತ್ತು. ನಮ್ಮ ಶ್ರೀಕೃಷ್ಣ ಪಾರಿಜಾತದ ಆಟದಾಗ ಭಾಗವತ, ದೂತಿ ಸವಾಲ್-ಜವಾಬ್ ಮಾಡೋವಾಗ ಮಂದಿ ಹಿಡದು ಕುಂದರಸೋದು ಏನು? ಇಬ್ಬರ ಸ್ವಭಾವ, ಮಾತಿನ ಟೈಮಿಂಗ್. ಇಲ್ಲಿ ಆ ಇಬ್ಬರನ್ನೂ ಒಬ್ಬನ ಆಡಬೇಕು.

ಅಕ್ಕ: ಕೈಕೆಲಸ ನೋಡಬೇಕಂದ್ಯಲ್ಲ ಅಣ್ಣ, ತುಟಿ ಬಿಟ್ಟು ನೋಡೋವಂಥಾದ್ದು ಬೇಕಾದಷ್ಟ ಐತಿ. ಕಟ್ಟಿಗಿ ಗೊಂಬಿ ಬೆನ್ನಾಗ ಕಿಂಡಿ, ಒಳಗ ತಲಿಗೆ ಕೂಡಿಸಿದ ಕೋಲು, ಹೆಬ್ಬೆರಳಿಗೆ ಸಿಗೋ ಲಿವರ್, ಅಲ್ಲಿಂದ ದವಡಿಗೆ ದಾರ, ಬಿಟ್ಟಕೂಡ್ಲೇ ಮುಚ್ಚಾಕ ಸ್ಪ್ರಿಂಗ್. ಸ್ಪ್ರಿಂಗ್ ಬಿಗಿ ಆದ್ರ ಮುಚ್ಚುವಾಗ ಟಕ್ ಅಂತ ಸಪ್ಪಳ, ಅದನ್ನ ಮೈಕ್ ಹಿಡೀತೈತಿ. ಅದಕ್ಕ ದವಡಿ ಬಡಿಯೋ ಜಾಗಕ್ಕ ತೆಳು ತೊಗಲಿನ ತುಂಡು ಅಂಟಸ್ತಾರ. ಸಡ್ಲ ಆದ್ರ ಮಾತು ಮುಗದ್ರೂ ಬಾಯಿ ಅರ್ಧ ತಕ್ಕೊಂಡ ನಿಲ್ಲತೈತಿ, ಗೊಂಬಿ ಸತ್ತಂಗ ಕಾಣತೈತಿ. ತಲಿ ನಮ್ಮ ಗೋಕಾಕ ಗೊಂಬಿಯಂಗ ಹಗರ ಇರಬೇಕು, ಭಾರ ಆದ್ರ ಅರ್ಧ ತಾಸಿನಾಗ ಮಣಿಕಟ್ಟು ಸೋತು ಗೊಂಬಿ ಗದ್ದ ಎದಿಗೆ ಬೀಳತೈತಿ.

ಅಕ್ಕ: ಬಟ್ಟಿ ಗೊಂಬ್ಯಾಗ ನಾಕು ಬೆರಳು ಮ್ಯಾಲಿನ ದವಡ್ಯಾಗ, ಹೆಬ್ಬೆರಳು ಕೆಳಗ. ಮಾತಿಗೆ ಹೆಬ್ಬೆರಳು ಕೆಳಗ ಇಳೀಬೇಕು, ನಾಕು ಬೆರಳು ಮ್ಯಾಲ ಏಳಬಾರದು. ಎದ್ರ ಪ್ರತಿ ಅಕ್ಷರಕ್ಕ ಗೊಂಬಿ ಆಕಾಶ ನೋಡಿ ಮಾತಾಡಿದಂಗ ಆಗತೈತಿ. ಒಂದು ಅಕ್ಷರಕ್ಕ ಒಂದು ಸಲ ಬಾಯಿ ತಗೀಬೇಕು, ಸುಮ್ಮನಾದಾಗ ಮುಚ್ಚಬೇಕು. ಮುಖ್ಯ ಇನ್ನೊಂದು. ಕಲಾವಿದ ಮಾತಾಡುವಾಗ ಗೊಂಬಿ ಏನು ಮಾಡತೈತಿ ನೋಡು. ಕಚ್ಚಾ ಕಲಾವಿದನ ಗೊಂಬಿ ಆಗ ಕಟ್ಟಿಗಿ ಆಗತೈತಿ. ಪಕ್ಕಾ ಕಲಾವಿದನ ಗೊಂಬಿ ಕೇಳಸಕೋತೈತಿ, ಕೊಳ್ಳು ತಿರಗಸತೈತಿ, ಯಾರೋ ಕೆಮ್ಮಿದ್ರ ಆ ಕಡಿ ನೋಡತೈತಿ. ಪ, ಬ ಬರೋ ಗಳಿಗ್ಯಾಗ ಗೊಂಬಿ ಒಮ್ಮೆ ಜೋರಾಗಿ ಅಲ್ಲಾಡತೈತಿ, ನಮ್ಮ ಕಣ್ಣು ಅತ್ತ ಹೋಗಲಿ ಅಂತ. ಇದೆಲ್ಲಾ ಆ ಕೆಂಪು ಗೆರಿ ಹೊರಗ ಇರತೈತಿ.

ಅಣ್ಣ: ಗೊಂಬಿ ಕೇಳಸಕೊಳ್ಳೋ ಮಾತು ಚೊಲೋ ಹೇಳಿದಿ. ವಿಡಿಯೊ ಮತ್ತ ನೋಡಿದೆ. 22ನೇ ಸೆಕೆಂಡಿಗೆ ಕಲಾವಿದ ಮಾತಾಡತಾನ, ಗೊಂಬಿ ನಿಧಾನಕ ಅವನ ಕಡಿ ತಿರಗತೈತಿ. ಗೆರಿ ಹಾಕಿದವ್ರು ಅದನ್ನ ಬಿಟ್ಟಾರ.

ದೊಡ್ಡಪ್ಪ: ನಾ ಕಿವಿ ಯಂತ್ರ ಹಾಕೋತೀನಿ. ನನಗ ಮುಂದಿನ ಸಾಲೇ ಬೇಕು, ಇಲ್ಲಾಂದ್ರ ಏನೂ ತಿಳಿಯಂಗಿಲ್ಲ.

ಚಿಗವ್ವ: ದೊಡ್ಡಪ್ಪಾ, ಇಲ್ಲಿ ಒಂದು ತೊಡಕೈತಿ. ಕಿವಿ ಮಂದ ಇದ್ದವರು ಗೊತ್ತಿಲ್ಲದನ ಎದುರಿನವರ ತುಟಿ ಓದತಾರ. ಈ ಶೋದಾಗ ಕಲಾವಿದನ ತುಟಿ ಆಡಂಗಿಲ್ಲ, ಗೊಂಬಿ ಬಾಯಿ ಬರೇ ತಗದು ಮುಚ್ಚತೈತಿ, ಅದರಿಂದ ಅಕ್ಷರ ಸಿಗಂಗಿಲ್ಲ. ಮ್ಯಾಲ ಪ, ಬ ಬದಲಿ ದನಿ. ಹತ್ರ ಕುಂತ್ರ ಕಣ್ಣಿಗೆ ಲಾಭ ಇಲ್ಲ, ದನಿ ಸ್ವಚ್ಛ ಬರೋ ಜಾಗ ಬೇಕು.

ಮಾಮಾ: ಮೊದಲ ಎರಡು ಸಾಲಿಗೆ ದೊಡ್ಡ ಸ್ಪೀಕರಿನ ದನಿ ತಲಿ ಮ್ಯಾಲ ಹಾದು ಹೋಗತೈತಿ. ವೇದಿಕಿ ಅಂಚಿಗೆ ಸಣ್ಣ ಸ್ಪೀಕರ್ (ಫ್ರಂಟ್ ಫಿಲ್) ಇಟ್ಟಿದ್ರಷ್ಟ ಅಲ್ಲಿ ಮಾತು ಬಿಡಿಬಿಡಿ ಕೇಳತೈತಿ. ರಂಗಮಂದಿರಕ್ಕ ಫೋನ್ ಮಾಡಿ "ಮುಂದಿನ ಸಾಲಿಗೆ ಫ್ರಂಟ್ ಫಿಲ್ ಐತೇನು" ಅಂತ ತಂಗಿ ಕೇಳಲಿ. ಇಲ್ಲಂದ್ರ ದೊಡ್ಡಪ್ಪ ಐದನೇ ಸಾಲಿನ ನಡುವ, ಬಾಲ್ಕನಿ ಚಾಚಿದ ಕೆಳಗ ಬ್ಯಾಡ.

ತಂಗಿ: ಕೇಳಿದೆ. ಫ್ರಂಟ್ ಫಿಲ್ ಇಲ್ಲ ಅಂದ್ರು. ಶೋ ಮರಾಠಿ, ನಡುನಡುವ ಹಿಂದಿ. 90 ನಿಮಿಷ.

ಅಕ್ಕ: ಮರಾಠಿ ನಮ್ಮ ಮಂದಿಗೆ ನಡೀತೈತಿ. ಮಕ್ಕಳಿಗೆ ಹೆಂಗ? ಗೊಂಬಿ ಐತಿ ಅಂದ ಮಾತ್ರಕ್ಕ ಮಕ್ಕಳ ಶೋ ಅಲ್ಲ, ಅದನ್ನೂ ಕೇಳಬೇಕಿತ್ತು. ಅಮೆರಿಕದ ಗೊಂಬಿ ಕಲಾವಿದ ಜೆಫ್ ಡನ್‌ಹ್ಯಾಮ್ ಶೋ ದೊಡ್ಡವರಿಗೆ ಮಾಡಿದ್ದು. ಮರಾಠಿ ಗೊಂಬಿ ಕಲಾವಿದ ರಾಮದಾಸ ಪಾಧ್ಯೆ ಅವರು ಮನಿಮಂದಿಯೆಲ್ಲಾ ಕುಂತು ನೋಡೋವಂಗ ಅರ್ಧವಟರಾವ್ ಅನ್ನೋ ಗೊಂಬಿ ಆಡಿಸಿದ್ರು. ಅದೇ ಪಾಧ್ಯೆ ಅವರ ತಾತ್ಯಾ ವಿಂಚು 1993ರ ಸಿನಿಮಾದಾಗ ಮಂದೀನ ಹೆದರಿಸಿದ ಗೊಂಬಿ. ಯಾವ ಗೊಂಬಿ ಬರತೈತಿ ಅನ್ನೋದರ ಮ್ಯಾಲ ಐತಿ.

ತಂಗಿ: ಕೇಳೀನಿ, ಐದು ವರ್ಷದ ಮ್ಯಾಲಿನವ್ರಿಗೆ ಅಂತಾರ. ಸಣ್ಣಾಂವಗ ಮೂರೂವರೆ.

ಅಕ್ಕ: ಅವನ್ನ ಕರಕೊಂಡ ಹೋಗೋದಾದ್ರ ಸಾಲಿನ ತುದಿ ಕುರ್ಚಿ, ಅವ್ವನ ಬಾಜೂಕ. ಹೋಗೋ ಮೊದಲ ಒಂದು ವಾರ ಮನ್ಯಾಗ ಕಾಲುಚೀಲಕ್ಕ ಎರಡು ಗುಂಡಿ ಹೊಲದು ಕೈಗೆ ಹಾಕಿ ಮಾತಾಡಸ್ರಿ, ಅವನ ಕೈಗೂ ಹಾಕ್ರಿ. ಕೈ ಒಳಗ ಐತಿ ಅಂತ ತಿಳದ ಮಗು ಹೆದರೋದು ಕಡಿಮಿ, ನಗೋದಂತೂ ಕಡಿಮಿ ಆಗಂಗಿಲ್ಲ. ತುಟಿ ತೋರಸೋದಕ್ಕೂ ಕೈ ತೋರಸೋದಕ್ಕೂ ಇದ ಫರಕ್, ಅಣ್ಣ.

ಅಣ್ಣ: ವಿಡಿಯೊ ಅಳಿಸೀನಿ. ಎಲ್ಲಾರಿಗೂ ಅಳಿಸು ಅನ್ನೋದ ಒತ್ತೀನಿ. ಆದ್ರ ನಾ ಮಾತ್ರ ಎರಡನೇ ಸಾಲಿನ ನಡುವ ಕುಂದರತೀನಿ, ಹೆಬ್ಬೆರಳು ನೋಡಬೇಕು.

ಮಾಮಾ: ಕುಂದರು. ಫೋನ್ ಎತ್ತಿ ವಿಡಿಯೊ ಮಾಡಬ್ಯಾಡ, ಬೆಳಕು ಕಲಾವಿದನ ಕಣ್ಣಿಗೆ ಬೀಳತೈತಿ. "ತುಟಿ ಆಡ್ತು" ಅಂತ ಕೂಗಂಗೂ ಇಲ್ಲ.

ತಂಗಿ: ಏಳನೇ ಸಾಲಿನಾಗ 8, ಐದರಾಗ ದೊಡ್ಡಪ್ಪ, ದೊಡ್ಡವ್ವ, ಎರಡರಾಗ ಅಣ್ಣ. ಏಳರಾಗ ಸಣ್ಣಾಂವಗ ಬಾಗಲ ಕಡಿ ತುದಿ ಸಿಕ್ಕೈತಿ. ಬುಕ್ ಆತು.

ಚಿಗವ್ವ: ಅಣ್ಣ, ಗೊಂಬಿ ನಿನ್ನ ಊರು ಕೇಳಿದ್ರ ಪುಣೆ ಅನ್ನಬ್ಯಾಡ. ವಿಜಯಪುರ ಅನ್ನು. ವ ಐತಿ, ಪು ಐತಿ. ಅದು ಹೆಂಗ ತಿರುಗಿ ಹೇಳತೈತಿ, ಲಕ್ಷ್ಯ ಕೊಟ್ಟು ಕೇಳಿ ಬಂದು ಇಲ್ಲಿ ಬರಿ.