ಡಂಬಳದ ನಕ್ಷತ್ರ ಗೋಡೆ ಕಟ್ಟಿದೆ, ಮ್ಯಾಪ್ ಸೋರುತ್ತಿದೆ (ಕೌಂಟರ್ ಸ್ಟ್ರೈಕ್ 1.6)

ಮುಂಡರಗಿ_ಮ್ಯಾಪರ್:
ನಮಸ್ಕಾರ. ಡಂಬಳದ ದೊಡ್ಡಬಸಪ್ಪ ದೇವಸ್ಥಾನದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ ಎಂಬುದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಅದೇ ಆಕಾರದ ಹಜಾರವೊಂದನ್ನು ಕೌಂಟರ್ ಸ್ಟ್ರೈಕ್ ಎಂಬ ಗುಂಡಿನ ಆಟಕ್ಕೆ ಮ್ಯಾಪ್ (ಆಡುವ ಜಾಗ) ಆಗಿ, ಮ್ಯಾಪ್ ಕಟ್ಟುವ ತಂತ್ರಾಂಶ ಹ್ಯಾಮರ್‌ನಲ್ಲಿ ಕಟ್ಟಿದ್ದೇನೆ. (ಗುಡಿಯೊಳಗೆ ಗುಂಡು ಹಾರಿಸುವುದೇ ಎಂದು ಬೈಯಬೇಡಿ. ಆಕಾರ ಮಾತ್ರ ಅಲ್ಲಿಯದು, ಒಳಗಿರುವುದು ಹತ್ತಿ ಗೋದಾಮು.) ಒಂದು ಚೌಕದ ಗೋಡೆ ಎಬ್ಬಿಸಿ, ಅದನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಪ್ರತಿ ಮಾಡಿಕೊಂಡು, ಒಳಗೆ ಚಾಚಿದ ಭಾಗಗಳನ್ನು ಕತ್ತರಿಸಿ ತೆಗೆದೆ. ನೋಡಲು ಚೆಂದ. ಆದರೆ ಕಂಪೈಲ್ ಮಾಡಿದಾಗ (ಆಟ ಓದುವ ಫೈಲಾಗಿ ಬದಲಿಸಿದಾಗ) ‘ಲೀಕ್ ಇನ್ ಹಲ್ 0’ ಎಂದು, ಅಂದರೆ ಮ್ಯಾಪ್ ಎಲ್ಲೋ ಹೊರಗಿನ ಶೂನ್ಯಕ್ಕೆ ಸೋರುತ್ತಿದೆ ಎಂದು ಬರುತ್ತಿದೆ. ಹದಿನಾಲ್ಕು ದೀಪ ಹಾಕಿದ್ದರೂ ಆಟದಲ್ಲಿ ಎಲ್ಲೆಲ್ಲೂ ಒಂದೇ ಸಮನೆ ಬೆಳಕು, ಕಂಬದ ಬುಡದಲ್ಲಿ ಕೂಡ ನೆರಳಿಲ್ಲ. ರವಿವಾರ ಹುಬ್ಬಳ್ಳಿಯಲ್ಲಿ ಗೆಳೆಯರ ಜೊತೆ ಆಡಬೇಕು.

ಕೇಶ್ವಾಪುರ_ಎಡಗೈ:
ಬಹಳ ಸರಳ. ಇಡೀ ಮ್ಯಾಪಿನ ಸುತ್ತ ಆಕಾಶದ ಟೆಕ್ಸ್ಚರ್ (ಮೇಲ್ಮೈ ಚಿತ್ರ) ಇರುವ ದೊಡ್ಡ ಪೆಟ್ಟಿಗೆ ಕೂರಿಸಿ. ಸೋರಿಕೆ ನಿಲ್ಲುತ್ತದೆ. ನಾನು ಯಾವಾಗಲೂ ಹಾಗೆಯೇ ಮಾಡುವುದು.

ಹಳೇ_ಹುಬ್ಬಳ್ಳಿ:
ತಮ್ಮಾ, ದಯವಿಟ್ಟು ಹಾಗೆ ಮಾಡಬೇಡ. ಮಾಳಿಗೆ ಸೋರುತ್ತದೆ ಎಂದು ಇಡೀ ಊರಿಗೆ ಚಪ್ಪರ ಹಾಕಿದಂತಾಗುತ್ತದೆ. ಪೆಟ್ಟಿಗೆಯೊಳಗೆ ಬಂದ ಮೇಲೆ ಗೋಡೆಯ ಹೊರಮೈಯೂ ಮ್ಯಾಪಿನ ಭಾಗವೇ. ಯಾರೂ ನೋಡದ ಆ ಮುಖಗಳಿಗೂ ಎಲ್ಲಿಂದ ಏನು ಕಾಣುತ್ತದೆ ಎಂದು ಲೆಕ್ಕ ಹಾಕುವ ಹೆಚ್‌ಎಲ್‌ವಿಸ್, ಬೆಳಕು-ನೆರಳು ಲೆಕ್ಕ ಹಾಕುವ ಹೆಚ್‌ಎಲ್‌ರಾಡ್ ಎರಡೂ ದುಡಿಯಬೇಕು. ಕೇಶ್ವಾಪುರದವರ ಮ್ಯಾಪುಗಳು ಹಳೆಯ ಕಂಪ್ಯೂಟರುಗಳಲ್ಲಿ ಏಕೆ ತೆವಳುತ್ತವೆ ಎಂದು ಈಗ ತಿಳಿಯಿತು.

ಮ್ಯಾಪ್ ಸೋರಿದರೆ ಬೆಳಕಿನ ಲೆಕ್ಕ ನಡೆಯುವುದಿಲ್ಲ, ಅದಕ್ಕೇ ನೆರಳಿಲ್ಲ. ಮೊದಲು ತೂತು ಎಲ್ಲಿದೆ ನೋಡು. ಹ್ಯಾಮರ್‌ನ ‘ಮ್ಯಾಪ್’ ಮೆನುವಿನಲ್ಲಿ ‘ಲೋಡ್ ಪಾಯಿಂಟ್‌ಫೈಲ್’ ಒತ್ತು. ಕೆಂಪು ಗೆರೆಯೊಂದು ಒಳಗಿನ ಯಾವುದೋ ಎಂಟಿಟಿಯಿಂದ (ದೀಪ, ಆಟಗಾರ ಹುಟ್ಟುವ ಜಾಗದಂಥದ್ದರಿಂದ) ಹೊರಟು ಹೊರಗಿನ ಶೂನ್ಯಕ್ಕೆ ಹೋಗುತ್ತದೆ. ಅದು ಗೋಡೆ ದಾಟುವ ಜಾಗವೇ ತೂತು.

ಮುಂಡರಗಿ_ಮ್ಯಾಪರ್:
ನೋಡಿದೆ ಅಣ್ಣ. ಗೆರೆ ನಕ್ಷತ್ರದ ಮೂಲೆಯೊಂದರಲ್ಲಿ ಹೊರಗೆ ಹೋಗಿದೆ. ಅಲ್ಲಿ ಎಷ್ಟು ಹತ್ತಿರ ಹೋದರೂ ಸಂದು ಕಾಣುವುದಿಲ್ಲ.

ಹಳೇ_ಹುಬ್ಬಳ್ಳಿ:
ಕಾಣುವುದಿಲ್ಲ, ಏಕೆಂದರೆ ಹ್ಯಾಮರ್ ನಿನಗೆ ತೋರಿಸುವುದು ಒಂದು, ಕಂಪೈಲರ್‌ಗೆ ಕೊಡುವುದು ಇನ್ನೊಂದು. ಮ್ಯಾಪ್ ಫೈಲಿಗೆ ಬರೆಯುವಾಗ ಅದು ಬಿಂದುಗಳನ್ನು ಪೂರ್ಣಾಂಕಕ್ಕೆ ಹೊಂದಿಸುತ್ತದೆ. 15 ಡಿಗ್ರಿ ತಿರುಗಿಸಿದ ಮೂಲೆ 494.55ರಲ್ಲಿ ಕೂತಿದ್ದರೆ 495 ಆಗುತ್ತದೆ. ಪಕ್ಕದ ಗೋಡೆಯ ಬಿಂದು ಬೇರೆ ಕಡೆಗೆ ಸರಿಯುತ್ತದೆ. ಕೂಡಬೇಕಾದ ಕಡೆ ಕೂದಲೆಳೆಯಷ್ಟು ಸಂದು. ಸೋರಲು ಅಷ್ಟು ಸಾಕು.

ತಿರುಗಿಸುವುದನ್ನು ಬಿಡು, ಬಿಂದುಗಳನ್ನು ನೀನೇ ಇಡು. ಕೇಂದ್ರದಿಂದ ಮೂಲೆಗೆ 512 ಯೂನಿಟ್ ಎಂದುಕೊಂಡರೆ ಒಂದು ಕಾಲುಭಾಗದ ಹೊರಮೂಲೆಗಳು: (512, 0), (495, 133), (443, 256), (362, 362), (256, 443), (133, 495). ನಡುವಿನ ಒಳಮೂಲೆಗಳನ್ನೂ ಹೀಗೆಯೇ ಪೂರ್ಣಾಂಕಕ್ಕೆ ತಂದುಕೋ. ಉಳಿದ ಮೂರು ಕಾಲುಭಾಗಗಳಿಗೆ 90 ಡಿಗ್ರಿಯಂತೆ ತಿರುಗಿಸಿದರೆ ಸಾಕು. ಕೇಂದ್ರ ಗ್ರಿಡ್ ಮೇಲಿದ್ದರೆ 90 ಡಿಗ್ರಿಯಲ್ಲಿ ಪೂರ್ಣಾಂಕ ಕೆಡುವುದಿಲ್ಲ. ಶಿಲ್ಪಿಗಳಿಗೆ ಕಲ್ಲನ್ನು ಉಜ್ಜಿ ಕೂರಿಸುವ ಅನುಕೂಲವಿತ್ತು, ನಮಗಿಲ್ಲ.

ಇನ್ನೊಂದು. ಆಟಗಾರನ ಅಗಲ 32 ಯೂನಿಟ್. ಗೋಡೆಗೆ ಒರಗಿ ಓಡುವವನು ಪ್ರತಿ ಮೂಲೆಗೂ ತಡವರಿಸುತ್ತಾನೆ. ಒಳಮೈಗೆ ಕ್ಲಿಪ್ ಬ್ರಷ್ (ಕಣ್ಣಿಗೆ ಕಾಣದೆ ಆಟಗಾರನನ್ನು ತಡೆಯುವ ಘನ ತುಂಡು) ಹಾಸು.

ಮುಂಡರಗಿ_ಮ್ಯಾಪರ್:
ರಾತ್ರಿ ಎರಡು ಗಂಟೆಯವರೆಗೆ ಕೂತು ಎಲ್ಲ ಮೂಲೆ ಸರಿಪಡಿಸಿದೆ. ಈಗ ಗೆರೆ ನಕ್ಷತ್ರವನ್ನು ಬಿಟ್ಟು ಗೋದಾಮಿನ ಬಾಗಿಲಿನ ಮೂಲಕ ಹೋಗುತ್ತಿದೆ. ಬಾಗಿಲು ಮುಚ್ಚಿಯೇ ಇದೆ!

ಹಳೇ_ಹುಬ್ಬಳ್ಳಿ:
ಬಾಗಿಲನ್ನು ‘ಫಂಕ್_ವಾಲ್’ (ಗೋಡೆಯಂತೆ ನಿಲ್ಲುವ ಎಂಟಿಟಿ) ಮಾಡಿದ್ದೀಯಾ?

ಮುಂಡರಗಿ_ಮ್ಯಾಪರ್:
ಹೌದು. ಆಟ ಬಿಡಿಸಬೇಕಾದ ಪಾಲಿಗಾನ್ (ಮುಖಗಳ ತುಂಡುಗಳು) ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದ್ದೆ.

ಹಳೇ_ಹುಬ್ಬಳ್ಳಿ:
ಓದಿದ್ದು ಸುಳ್ಳಲ್ಲ, ಬಳಸಿದ ಜಾಗ ತಪ್ಪು. ಎಂಟಿಟಿಯಾದ ಬ್ರಷ್ ಸೋರಿಕೆ ತಡೆಯುವುದಿಲ್ಲ. ಕಂಪೈಲರ್ ಕಣ್ಣಿಗೆ ಅಲ್ಲಿ ಬಾಗಿಲೇ ಇಲ್ಲ. ಅದರ ಹಿಂದೆ ಒಂದು ಸಾದಾ ಬ್ರಷ್ ನಿಲ್ಲಿಸು. ಹತ್ತಿ ಅಂಡಿಗೆ, ಕಂಬದ ಕೆತ್ತನೆ ಇವುಗಳನ್ನು ಬೇಕಾದರೆ ಫಂಕ್_ವಾಲ್ ಮಾಡು.

ಮುಂಡರಗಿ_ಮ್ಯಾಪರ್:
ಆಯಿತು ಅಣ್ಣ! ಕಂಬಗಳ ನೆರಳು ನೆಲದ ಮೇಲೆ ಬಿದ್ದಿದೆ. 24 ಮೂಲೆಗಳಲ್ಲೂ ಕತ್ತಲು ಬೇರೆ ಬೇರೆ ಬಣ್ಣದಲ್ಲಿ ಕೂತಿದೆ, ಸುಮ್ಮನೆ ನೋಡುತ್ತ ನಿಂತಿದ್ದಕ್ಕೆ ಬಾಟ್ (ಕಂಪ್ಯೂಟರ್ ಆಡಿಸುವ ಎದುರಾಳಿ) ಬಂದು ಎರಡು ಸಲ ಕೊಂದಿತು.

ಕೇಶ್ವಾಪುರ_ಎಡಗೈ:
ನನಗೆ ಕಳಿಸಿದ ಫೈಲು ಇಟ್ಟುಕೊಂಡು ಹೋದರೆ ಸರ್ವರ್ ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ. ‘ನಿಮ್ಮ ಮ್ಯಾಪ್ ಸರ್ವರ್‌ನದಕ್ಕಿಂತ ಬೇರೆ’ ಎಂದು ಹೇಳಿ ಹೊರಗೆ ಹಾಕುತ್ತಿದೆ.

ಹಳೇ_ಹುಬ್ಬಳ್ಳಿ:
ನಿಮ್ಮಲ್ಲಿರುವುದು ಮೊನ್ನೆಯ ಸೋರುವ ಪ್ರತಿ. ಹೆಸರು ಒಂದೇ, ಒಳಗಿನದು ಬೇರೆ. ತಮ್ಮಾ, ಪ್ರತಿ ಸಲ ಕಂಪೈಲ್ ಮಾಡಿ ಹಂಚುವಾಗ ಹೆಸರಿನ ಕೊನೆಗೆ ಬಿ1, ಬಿ2 ಎಂದು ಸೇರಿಸು. ಹೊಸ ಟೆಕ್ಸ್ಚರ್‌ಗಳನ್ನು ಇಟ್ಟಿರುವ ವ್ಯಾಡ್ ಫೈಲನ್ನು ಕಂಪೈಲ್ ಮಾಡುವಾಗ ‘ವ್ಯಾಡ್‌ಇನ್‌ಕ್ಲೂಡ್’ ಆಯ್ಕೆಯಿಂದ ಮ್ಯಾಪಿನೊಳಗೇ ಸೇರಿಸು, ಇಲ್ಲದಿದ್ದರೆ ರವಿವಾರ ಅದೊಂದು ರಗಳೆ.

ಮುಂಡರಗಿ_ಮ್ಯಾಪರ್:
ಬಿ3 ಕಳಿಸಿದ್ದೇನೆ. ಅಣ್ಣ, ನೀವೂ ರವಿವಾರ ಬನ್ನಿ, ಗಿರ್ಮಿಟ್ ನನ್ನ ಲೆಕ್ಕ. ಮುಂದಿನದು ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಮಾಡೋಣ ಎಂದುಕೊಂಡಿದ್ದೇನೆ.

ಹಳೇ_ಹುಬ್ಬಳ್ಳಿ:
ಬರುತ್ತೇನೆ. ಎಡಿಟರ್‌ನ ಜಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ 8192 ಯೂನಿಟ್, ಯೂನಿಟ್‌ಗೆ ಒಂದು ಇಂಚು ಹಿಡಿದರೆ ಸುಮಾರು 208 ಮೀಟರ್. ಏಳರಲ್ಲಿ ಒಂದು ಪಾಲೂ ಹಿಡಿಯುವುದಿಲ್ಲ. ಚಹಾ ಅಂಗಡಿಯಿಂದ ಮೇಲುಸೇತುವೆವರೆಗೆ ಮಾಡು, ಸಾಕು.