ಟಿಜಿ ಹಳ್ಳಿ ಕೆಡಲು ಒಂದು ಲಾರಿ ಡಿಎಪಿ ಸಾಕು

ನೀರುಗಂಟಿ: ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ತಿಪ್ಪಗೊಂಡನಹಳ್ಳಿ (ಟಿಜಿ ಹಳ್ಳಿ) ಜಲಾಶಯದ ನೀರನ್ನು ಬೆಂಗಳೂರು ಮತ್ತೆ ಕುಡಿಯಬೇಕಂತೆ. ಅದಕ್ಕೆ ಮೇಲಿನ ಕೆರೆಗಳ ಬಾಯಲ್ಲೆಲ್ಲ ಬೆಂಗಳೂರಿನ ಜಕ್ಕೂರು ಕೆರೆಯ ಹಾಗೆ ಜೊಂಡು ಬೆಳೆಸಿ, ಕೊಳೆನೀರು ಅದರೊಳಗೆ ಹಾದು ಬರುವಂತೆ ಮಾಡಿದರೆ ಆಯ್ತು ಅನ್ನೋ ಮಾತು ಕೇಳಿಬರ್ತಿದೆ. ಲೆಕ್ಕ ಹಾಕಿ ನೋಡಿ. ಜಲಾಶಯದಲ್ಲಿ ನಿಲ್ಲೋ 3 ಟಿಎಂಸಿ ಅಂದರೆ ಸುಮಾರು 8.5 ಕೋಟಿ ಘನ ಮೀಟರ್ ನೀರು. ಲೀಟರಿಗೆ 35 ಮೈಕ್ರೊಗ್ರಾಂ ರಂಜಕ (ಫಾಸ್ಫರಸ್) ದಾಟಿದರೆ ನೀರು ಪಾಚಿಗಟ್ಟುವ ದರ್ಜೆಗೆ ಬಂತು ಅಂತಲೇ ಅರ್ಥ. ಅಷ್ಟೂ ನೀರಿಗೆ ಲೆಕ್ಕ ಹಾಕಿದರೆ ಒಟ್ಟು ಬರೀ 3 ಟನ್. 50 ಕೆಜಿ ಡಿಎಪಿ ಗೊಬ್ಬರದ ಮೂಟೆಯಲ್ಲಿ ಅಪ್ಪಟ ರಂಜಕ 10 ಕೆಜಿ ಇರುತ್ತೆ, ಹಾಗಾಗಿ 300 ಮೂಟೆ, ಒಂದು ಲಾರಿ ಲೋಡು. ಬರೀ ಜೊಂಡು ಇದನ್ನ ತಡೆಯುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಹೂಬೆಳೆಗಾರ: ಡಿಎಪಿ ಹೆಸರು ಎತ್ತಿದಾಗಲೇ ಗೊತ್ತಾಯ್ತು, ಕೊನೆಗೆ ಗೂಬೆ ರೈತನ ತಲೆ ಮೇಲೆ. ಕೆಮ್ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ರಂಜಕವನ್ನು ಕಚ್ಚಿ ಹಿಡಿದುಬಿಡುತ್ತೆ, ಯೂರಿಯಾ ಥರ ಕರಗಿ ಹರಿದುಹೋಗಲ್ಲ. ದೊಡ್ಡಬಳ್ಳಾಪುರ ಪಟ್ಟಣದ ಕೊಚ್ಚೆ ಲೆಕ್ಕ ಹಾಕಿ. ತಲೆಗೆ ದಿನಕ್ಕೆ 1ರಿಂದ 1.5 ಗ್ರಾಂ, 1 ಲಕ್ಷ ಜನರಿಗೆ 100–150 ಕೆಜಿ. ನಿಮ್ಮ 3 ಟನ್‌ಗೆ ಒಂದು ತಿಂಗಳು ಸಾಕು.

ರಾಜಾಜಿನಗರ: ವೃಷಭಾವತಿ ನೊರೆನೂ ಅಲ್ಲಿಗೇ ಹೋಗೋದಲ್ವಾ? ಅದನ್ನ ಬಿಟ್ಟು ದೊಡ್ಡಬಳ್ಳಾಪುರ ಯಾಕೆ?

ನೀರುಗಂಟಿ: ಇಲ್ಲ ಸರ್. ವೃಷಭಾವತಿ ಬೈರಮಂಗಲ ದಾಟಿ ಅಣೆಕಟ್ಟಿನ ಕೆಳಗೆ ಅರ್ಕಾವತಿ ಸೇರುತ್ತೆ, ಟಿಜಿ ಹಳ್ಳಿಗೆ ಅದರ ಒಂದು ಹನಿಯೂ ಬರಲ್ಲ. ಇಲ್ಲಿಗೆ ಬರೋದು ನಂದಿಬೆಟ್ಟ, ದೊಡ್ಡಬಳ್ಳಾಪುರ, ಹೆಸರಘಟ್ಟದ ಕಡೆಯ ನೀರು, ಇನ್ನೊಂದು ಕಡೆಯಿಂದ ಕುಮುದ್ವತಿ.
ಹೂಬೆಳೆಗಾರರೇ, ಕೊಳೆನೀರಿನ ಮಾತು ಒಪ್ಪಿದೆ. ಅದರ ರಂಜಕದ ಹೆಚ್ಚಿನ ಪಾಲು ಕರಗಿದ ರೂಪದಲ್ಲೇ ಇರೋದರಿಂದ ಪಾಚಿಗೆ ನೇರ ಊಟ. ಆದರೆ ಮಣ್ಣು ಕಚ್ಚಿ ಹಿಡಿದಿದ್ದು ಮಣ್ಣಿನ ಜೊತೆಗೇ ಕೊಚ್ಚಿ ಬರುತ್ತಲ್ಲ? ಮಳೆ ಮುಂಚೆ ಮೇಲೆ ಎರಚಿದರೆ ಮೊದಲ ಮಳೆಗೇ ಹೊರಟಿತು. ಸಾಲಿನೊಳಗೆ ಹಾಕಿ ಮಣ್ಣು ಮುಚ್ಚಿ, ಬದು ಗಟ್ಟಿ ಇಟ್ಟುಕೊಂಡರೆ ಬಹುಪಾಲು ಹೊಲದಲ್ಲೇ ಉಳಿಯುತ್ತೆ. ಮಣ್ಣು ಪರೀಕ್ಷೆಯಲ್ಲಿ ರಂಜಕ 'ಹೆಚ್ಚು' ಅಂತ ಬಂದಮೇಲೂ ಡಿಎಪಿ ಹಾಕೋದು ದುಡ್ಡು ದಂಡ.

ಜೊಂಡುಹುಲ್ಲು: ಜೊಂಡನ್ನು ಇಷ್ಟು ಹಗುರ ಮಾಡಬೇಡಿ. ತೇಲುವ ಕಸ, ಹೂಳು ಅಲ್ಲೇ ನಿಲ್ಲುತ್ತೆ. ಬೇರಿನ ಕೆಸರಲ್ಲಿ ನೈಟ್ರೇಟು ಸಾರಜನಕದ ಗಾಳಿಯಾಗಿ ಹಾರಿಹೋಗುತ್ತೆ. ಕರೆಂಟೂ ಬೇಡ.

ಪಂಪ್‌ಹೌಸ್: ಸಾರಜನಕ ಗಾಳಿಗೆ ಹೋಗುತ್ತೆ, ರಂಜಕಕ್ಕೆ ಆ ದಾರಿ ಇಲ್ಲ. ಒಂದೋ ಕೆಸರಲ್ಲಿ ಕೂರಬೇಕು, ಇಲ್ಲಾ ಕೊಯ್ದು ಹೊರಗೆ ಸಾಗಿಸಬೇಕು. ಜೊಂಡು ಕೊಯ್ದರೆ ಹೆಕ್ಟೇರಿಗೆ ವರ್ಷಕ್ಕೆ 30ರಿಂದ 150 ಕೆಜಿ ರಂಜಕ ಹೊರಬರುತ್ತೆ. ಜಕ್ಕೂರಿನಲ್ಲಿ ಮೊದಲು ಕಟ್ಟಿದಷ್ಟೇ, 10 ಎಂಎಲ್‌ಡಿ (ದಿನಕ್ಕೆ 1 ಕೋಟಿ ಲೀಟರ್), ಕೊಳೆನೀರು ಶುದ್ಧ ಮಾಡುವ ಘಟಕದಿಂದ ಲೀಟರಿಗೆ 2 ಮಿಗ್ರಾಂ ಬಂತು ಅಂದುಕೊಳ್ಳಿ. ದಿನಕ್ಕೆ 20 ಕೆಜಿ, ವರ್ಷಕ್ಕೆ 7,300 ಕೆಜಿ. ಹೆಕ್ಟೇರಿಗೆ 100 ಕೆಜಿಯಂತೆ ಕೊಯ್ದರೂ 73 ಹೆಕ್ಟೇರ್ ಜೊಂಡು ಬೇಕು. ಕೊಯ್ಯದೆ ಬಿಟ್ಟರೆ ಒಣಗಿ ಕೊಳೆತು ಅದೇ ನೀರಿಗೆ ವಾಪಸ್. ಕಿತ್ತ ಅಂತರಗಂಗೆಯನ್ನ ಏರಿ ಮೇಲೆ ರಾಶಿ ಹಾಕೋರೂ ಮಾಡೋದು ಇದನ್ನೇ.

ಜೊಂಡುಹುಲ್ಲು: ಸರಿ, ಹಾಗಾದರೆ ಘಟಕದಲ್ಲೇ 1 ಮಿಗ್ರಾಂಗೆ ಇಳಿಸಿ. ಕೆರೆಗೆ ಬಿಡುವ ನೀರಿಗೆ 2019ರ ಹಸಿರು ನ್ಯಾಯಮಂಡಳಿ ಆದೇಶ ಹೇಳೋದೂ ಅದನ್ನೇ ತಾನೆ?

ಪಂಪ್‌ಹೌಸ್: ಅದನ್ನೇ. ಲೀಟರಿಗೆ ಮಿಗ್ರಾಂ ಲೆಕ್ಕದಲ್ಲಿ ಬಿಒಡಿ (ಕೊಳೆ ಕರಗಲು ಬೇಕಾಗುವ ಆಮ್ಲಜನಕ) 10, ಒಟ್ಟು ಸಾರಜನಕ 10, ರಂಜಕ 1. ಮಾಡಬಹುದು, ಆಲಂ (ಪಟಿಕ) ಹಾಕಬೇಕು. 10 ಎಂಎಲ್‌ಡಿ ನೀರಲ್ಲಿ ಲೀಟರಿಗೆ 5 ಮಿಗ್ರಾಂ ಇದೆ ಅಂದುಕೊಂಡು 1ಕ್ಕೆ ಇಳಿಸೋದು ಅಂದರೆ ದಿನಕ್ಕೆ 40 ಕೆಜಿ ರಂಜಕ ತೆಗೀಬೇಕು. ಪುಸ್ತಕದ ಲೆಕ್ಕಕ್ಕೆ 385 ಕೆಜಿ ಆಲಂ, ನಿಜವಾಗಿ ಬೇಕಾಗೋದು ಅದರ ಒಂದೂವರೆಯಿಂದ ಎರಡು ಪಟ್ಟು, 580–770 ಕೆಜಿ. ಗಾಳಿ ಊದುವ ಟ್ಯಾಂಕಿನಿಂದ ನೀರು ಹೊರಬೀಳುವಲ್ಲಿ, ಚೆನ್ನಾಗಿ ಕಲಕುವ ಜಾಗದಲ್ಲಿ ಹಾಕಬೇಕು.
ಎಡವೋದು ಎರಡು ಕಡೆ. 1 ಮಿಗ್ರಾಂ ಆಲಂ ಸುಮಾರು 0.5 ಮಿಗ್ರಾಂ ಕ್ಷಾರ ತಿನ್ನುತ್ತೆ, ಅಮೋನಿಯಾ ನೈಟ್ರೇಟ್ ಆಗುವಾಗ ಪ್ರತಿ 1 ಮಿಗ್ರಾಂ ಸಾರಜನಕಕ್ಕೆ ಇನ್ನೂ 7 ಮಿಗ್ರಾಂ ಹೋಗುತ್ತೆ. ಕ್ಷಾರ ಖಾಲಿಯಾಗಿ ಪಿಎಚ್ ಇಳಿದರೆ ಬ್ಯಾಕ್ಟೀರಿಯಾ ಮಂಕಾಗಿ ಅಮೋನಿಯಾ ಹಾಗೇ ಹೊರಗೆ ಬರುತ್ತೆ. ಆಗ ಸುಣ್ಣ ಹಾಕಬೇಕು. ಎರಡನೇದು, ಹೊರಹೋಗುವ ನೀರಿನ ಕಣ. ಆಲಂ ಹಾಕಿದ ಕೆಸರಿನಲ್ಲಿ ರಂಜಕ ಶೇ 2.5 ಇದ್ದರೂ ಲೀಟರಿಗೆ 20 ಮಿಗ್ರಾಂ ಕಣದ ಜೊತೆ 0.5 ಮಿಗ್ರಾಂ ಹೊರಟಿತು. ಮರಳು ಫಿಲ್ಟರ್ ಇಲ್ಲದೆ 1ರ ಕೆಳಗೆ ನಿಲ್ಲಿಸೋದು ಬಲು ಕಷ್ಟ. ಡೋಸಿಂಗ್ ಪಂಪು ಒಂದೇ ಸಮ ಓಡುತ್ತೆ, ಕೊಳೆನೀರು ಮಾತ್ರ ಬೆಳಗ್ಗೆ ಒಂದು ಥರ ರಾತ್ರಿ ಒಂದು ಥರ.

ಹೂಬೆಳೆಗಾರ: ಇಷ್ಟೆಲ್ಲಾ ಮಾಡಿದರೂ ಜಲಾಶಯದ ತಳದಲ್ಲಿ ಆಗಲೇ ಕೂತಿರೋ ಹೂಳಿನ ಕಥೆ?

ನೀರುಗಂಟಿ: ನೀವು ಹೇಳಿದ ಅದೇ ಕಬ್ಬಿಣ ಅಲ್ಲಿ ಕೈ ಕೊಡುತ್ತೆ. ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಮುಗಿದರೆ ಅದು ಹಿಡಿದಿಟ್ಟಿದ್ದ ರಂಜಕವನ್ನ ಬಿಟ್ಟುಬಿಡುತ್ತೆ, ಹೊರಗಿಂದ ಏನೂ ಬರದಿದ್ದರೂ ಪಾಚಿ ಏಳುತ್ತೆ. ಆಗ ಮೈಲುತುತ್ತ ಹೊಡೆಯೋದು ದೊಡ್ಡ ತಪ್ಪು. ನೀಲಿಹಸಿರು ಪಾಚಿ ಒಡೆದು ಒಳಗಿನ ವಿಷ ನೀರಿಗೇ ಸುರಿಯುತ್ತೆ. ಕುಡಿಯುವ ನೀರಲ್ಲಿ ಆ ವಿಷಗಳಲ್ಲೊಂದಾದ ಮೈಕ್ರೊಸಿಸ್ಟಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ ಅಷ್ಟೇ. ತಳಕ್ಕೆ ಗಾಳಿ ಊದೋದು, ಹೂಳು ತೆಗೆಯೋದು ಎಲ್ಲಾ ಆಮೇಲೆ. ಮೇಲಿನ ಕೊಳೆನೀರು ನಿಲ್ಲದೆ ಹೂಳೆತ್ತಿದರೆ ಕೆಲವೇ ವರ್ಷದಲ್ಲಿ ಮತ್ತೆ ಅದೇ ಹೂಳು.

ಜೊಂಡುಹುಲ್ಲು: ಹಾಗಾದರೆ ಮೊದಲು ಯಾವ ಕಾಲುವೆ?

ಪಂಪ್‌ಹೌಸ್: ಅದನ್ನು ಅಳೆದೇ ಹೇಳಬೇಕು. ಫೆಬ್ರವರಿ–ಮಾರ್ಚಲ್ಲಿ, ಮಳೆಯೇ ಇಲ್ಲದಾಗ ಹರಿಯೋ ಪ್ರತಿ ಹಳ್ಳದಲ್ಲೂ ಬಹುಪಾಲು ಇರೋದು ಕೊಳೆನೀರೇ. ಹರಿವನ್ನೂ ರಂಜಕವನ್ನೂ ಒಟ್ಟಿಗೆ ಅಳೆದು ಗುಣಿಸಿ, ಕೆಜಿ ಲೆಕ್ಕದಲ್ಲಿ ಇಡಿ. ಬರೀ ಮಿಗ್ರಾಂ ನೋಡಿದರೆ ಸಣ್ಣ ಗಬ್ಬು ಮೋರಿಯೇ ದೊಡ್ಡ ಕಳ್ಳನ ಥರ ಕಾಣುತ್ತೆ. ಬಾಟಲಿ ಮಾತ್ರ ಸೋಪಿನ ಪುಡಿಯಲ್ಲಿ ತೊಳೀಬೇಡಿ, ಅದರಲ್ಲೇ ರಂಜಕ ಇರಬಹುದು. ತೆಳು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೊಳೆದು ಶುದ್ಧ ನೀರಲ್ಲಿ ಜಾಲಿಸಿ. ಲ್ಯಾಬಿನವರಿಗೆ 'ಒಟ್ಟು ರಂಜಕ' ಅಂತ ಬರೆದುಕೊಡಿ, ಇಲ್ಲದಿದ್ದರೆ ಕರಗಿದ ಫಾಸ್ಫೇಟ್ ಅಷ್ಟನ್ನೇ ನೋಡಿ ಕಳಿಸ್ತಾರೆ.

ಹೂಬೆಳೆಗಾರ: ಜೂನ್‌ನ ಮೊದಲ ಮಳೆಗೂ ಒಂದು ಸಲ ತೆಗೀರಿ. ಹೊಲದ ಪಾಲು ಎಷ್ಟು ಅಂತ ಅಲ್ಲೇ ಗೊತ್ತಾಗಲಿ.