ಯೂನಿವರ್ಸಿಟಿ ಮರವನ ನಡೆಸೋಕೆ ದುಡ್ಡು ಎಲ್ಲಿಂದ?

ಪುಣೆ ಕನ್ನಡಿಗ: ಇಲ್ಲಿನ ಒಂದು ಯೂನಿವರ್ಸಿಟಿಯ ಮರವನದಲ್ಲಿ ಶಾಲಾ ಮಕ್ಕಳ ಕಾರ್ಯಕ್ರಮ ನೋಡಿಕೊಳ್ಳುತ್ತೇನೆ. ಈ ವರ್ಷ ದುಡ್ಡು ಬಂದಿಲ್ಲ, ಹೆಸರಿನ ಫಲಕಗಳೂ ತುಕ್ಕು ಹಿಡಿದಿವೆ. ಏನು ಮಾಡಲಿ?

ಹಡಪ್ಸರ್ ಅಣ್ಣ: ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ದುಡ್ಡು ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು, ಶಿಕ್ಷಣ, ಪರಿಸರ ಎರಡೂ ಅದರಲ್ಲಿ ಬರುತ್ತವೆ. ಬರೀ ಗಿಡ ನೆಡೋದಕ್ಕೆ ಕೇಳಬೇಡಿ, ಮಾಲಿಯ ಸಂಬಳ, ಬೇಸಿಗೆ ನೀರು ಎಲ್ಲಾ ಸೇರಿಸಿ ಬರೆಯಿರಿ.

ಕೋಥ್ರೂಡ್ ಅಕ್ಕ: ಒಣ ಎಲೆ ಸುಡಬೇಡಿ, ಪ್ಲೀಸ್! ಬುಡಕ್ಕೆ ದಪ್ಪಗೆ ಹರಡಿ, ಏಪ್ರಿಲ್‌ನಲ್ಲೂ ಬೆರಳಿಗೆ ತೇವ ಸಿಗುತ್ತದೆ. ಮಕ್ಕಳಿಗೆ ಅದನ್ನೇ ಮುಟ್ಟಿಸಿ. ನಮ್ಮ ಹೊಂಗೆ ಇಲ್ಲಿ ಕರಂಜ, ಅಲ್ವಾ? ಮಧ್ಯ ಅಮೆರಿಕದಿಂದ ಬಂದ ಗ್ಲಿರಿಸಿಡಿಯಾ ಮರದ ಎಲೆ ಅದರ ಪಕ್ಕ ಇಟ್ಟು ತೋರಿಸಿ.

ಪುಣೆ ಕನ್ನಡಿಗ: ಥ್ಯಾಂಕ್ಸ್ ಅಕ್ಕ, ಶನಿವಾರವೇ ಮಾಡುತ್ತೇನೆ.